ಹರಿದ ಬಲೆ ಕಟ್ಟಿದ ಕಂಬ

"ಮಾಡದ ತಪ್ಪನ್ನು ಒಬ್ಬ ಒಪ್ಪಿಕೊಂಡರೆ ಉಳಿದವರಿಗೆಲ್ಲ ಒಳ್ಳೆಯದಾಗುತ್ತದೆ ಎಂದಾದರೆ, ಒಪ್ಪಿಕೊಳ್ಳುವುದೇ ಧರ್ಮವಲ್ಲವೇ?" ಎಂದು ಶಿಷ್ಯ ಕೇಳಿದ.

ಮಠದ ಗಂಟೆ ಬಿರುಕು ಬಿಟ್ಟಿತ್ತು. ಕಾರಣನಾದವನು ಎದ್ದು ನಿಂತು ಒಪ್ಪಿಕೊಳ್ಳುವ ತನಕ ಪಾಠವಿಲ್ಲ ಎಂದು ಹಿರಿಯ ಶಿಷ್ಯರು ತೀರ್ಮಾನ ಮಾಡಿದ್ದರು. ಗಂಟೆಯನ್ನು ಕೊನೆಯ ಸಲ ಬಾರಿಸಿದವನು ಇವನೇ.

"ನೀನು ಒಡೆದದ್ದನ್ನು ಯಾರಾದರೂ ನೋಡಿದ್ದಾರೆಯೇ?" ಎಂದು ಗುರು ಕೇಳಿದರು.

"ಇಲ್ಲ. ಆದರೆ ಈಗ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ."

"ಕೂತುಕೋ" ಎಂದು ಗುರು ಕತೆ ಹೇಳಿದರು.

ಸಮುದ್ರ ಸತ್ತ ಮೀನನ್ನು ದಡಕ್ಕೆ ಎಸೆದರೆ ಊರಿನಲ್ಲಿ ಯಾರೋ ಒಬ್ಬರು ಪಾಪ ಮಾಡಿದ್ದಾರೆ ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು. ಆ ಒಬ್ಬರನ್ನು ಹುಡುಕಬೇಕು. ಸಿಕ್ಕವರು ಸತ್ತ ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮನೆಮನೆಯ ಅಂಗಳಕ್ಕೂ ಹೋಗಿ, ಕೊಂದವರು ನಾವೇ ಎಂದು ಹೇಳಬೇಕು. ಬುಟ್ಟಿಯನ್ನು ಸಮುದ್ರಕ್ಕೆ ಸುರಿಯಬೇಕು. ಆಮೇಲೆ ಮೀನು ಸಾಯುವುದು ನಿಲ್ಲುತ್ತದೆ. ಇದಕ್ಕೆ ಪುರಾವೆ ಏನು ಎಂದು ಯಾರೂ ಕೇಳಿರಲಿಲ್ಲ. ಹಿಂದೆ ಹಾಗೆ ಮಾಡಿದಾಗಲೆಲ್ಲ ಮೀನು ಸಾಯುವುದು ಒಂದಲ್ಲ ಒಂದು ದಿನ ನಿಂತೇ ಇತ್ತು.

ಇನ್ನೊಂದು ಪದ್ಧತಿಯೂ ಇತ್ತು. ಮನೆಯಲ್ಲಿ ಸಾವಾದರೆ ಹೇಗೋ ಹಾಗೆ, ಸಮುದ್ರದಲ್ಲಿ ಸಾವಾದರೂ ಊರಿಗೆಲ್ಲ ಸೂತಕ. ಹೊಳೆ ಸಮುದ್ರ ಸೇರುವ ಅಳಿವೆಯ ದಡದಲ್ಲಿ ಒಂದು ಕಂಬ ನೆಟ್ಟು ಅದಕ್ಕೆ ಹರಿದ ಬಲೆ ಕಟ್ಟುತ್ತಿದ್ದರು. ಅದನ್ನು ಕಂಡ ಹೊರಗಿನವರು ಬಂದ ದಾರಿಯಲ್ಲೇ ಹಿಂದಿರುಗಬೇಕು. ಊರಿನವರು ಕಂಬವನ್ನು ದಾಟಬಾರದು. ಮೀನು ಸಾಯುವುದು ನಿಂತ ದಿನ ಬಲೆ ಬಿಚ್ಚುತ್ತಿದ್ದರು. ಅಲ್ಲಿಯವರೆಗೆ ದೋಣಿಗಳು ಮರಳಿನ ಮೇಲೆ. ಮಾತು ಕೂಡ ಊರಿನ ಒಳಗೇ. ಸೂತಕ ಕಳೆದ ಮೇಲೂ ಯಾರೂ ಅದರ ಸುದ್ದಿ ಎತ್ತುತ್ತಿರಲಿಲ್ಲ. ತಮ್ಮೂರಿನಲ್ಲಿ ಪಾಪಿಯೊಬ್ಬ ಇದ್ದ ಎಂದು ನೆಂಟರ ಮುಂದೆ ಯಾರು ಹೇಳಿಕೊಳ್ಳುತ್ತಾರೆ?

ಅಂಥ ಒಂದು ಊರಿನಲ್ಲಿ ಮೀನು ಮಾರುವ ಒಬ್ಬ ಹೆಂಗಸಿದ್ದಳು. ಹೆಸರು ಬಾಗಿ ಎಂದಿಟ್ಟುಕೋ. ಹೆಸರಿಲ್ಲದವರ ಮೇಲೆ ತಪ್ಪು ಹೊರಿಸುವುದು ಕಷ್ಟ. ಅವಳ ಗಂಡ ತೀರಿಕೊಂಡಿದ್ದ. ಊರಿಗೆ ಒಂದು ದೊಡ್ಡ ರಂಪಣಿ ಬಲೆ ಇತ್ತು. ಅದನ್ನು ದಡಕ್ಕೆ ಎಳೆಯುವ ಹಗ್ಗದಲ್ಲಿ ಪ್ರತಿ ಮನೆಗೂ ಒಂದು ಜಾಗ. ಹಗ್ಗದಲ್ಲಿ ಜಾಗವಿದ್ದವರಿಗೆ ಮೀನಿನಲ್ಲಿ ಪಾಲು. ಗಂಡನ ಜಾಗದಲ್ಲಿ ಬಾಗಿಯೇ ನಿಂತು ಎಳೆಯುತ್ತಿದ್ದಳು. ಗಂಡಸರಿಗಿಂತ ಹೆಚ್ಚು ಎಳೆಯುತ್ತಿದ್ದಳೋ ಇಲ್ಲವೋ, ಗಂಡಸರಿಗಿಂತ ಹೆಚ್ಚು ಮಾತಾಡುತ್ತಿದ್ದಳು. ಬುಟ್ಟಿ ಹೊತ್ತವರು ಹಗ್ಗವನ್ನು ಮತ್ತೆಂದೂ ಮುಟ್ಟುವಂತಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ಏಡಿಗಳು ನೀರು ಬಿಟ್ಟು ದಡಕ್ಕೆ ಹತ್ತಿದವು. ಮಧ್ಯಾಹ್ನದ ಹೊತ್ತಿಗೆ ಮೀನು ಬಂದವು. ದಡದುದ್ದಕ್ಕೂ ಬಿಳಿ ಹೊಟ್ಟೆ ಮೇಲೆ ಮಾಡಿ ಬಿದ್ದವು. ಮರುದಿನ ಇನ್ನಷ್ಟು ಬಂದವು. ಕಂಬ ನೆಟ್ಟರು. ಊರಿನ ಮುಖ್ಯಸ್ಥ ಗುರಿಕಾರ ಬಲೆ ಇಡುವ ಚಪ್ಪರದಲ್ಲಿ ಎಲ್ಲರನ್ನೂ ಸೇರಿಸಿದ.

ಒಬ್ಬ ಮುದುಕ, ಕೆಲವು ದಿನಗಳಿಂದ ನೀರು ಕೆಂಪಗಿತ್ತು, ಕೈಗೆ ಅಂಟುತ್ತಿತ್ತು ಎಂದ. ಇನ್ನೊಬ್ಬ, ತೆಂಗಿನ ಸಿಪ್ಪೆ ಕೊಳೆಹಾಕಿದ ಗುಂಡಿಗಳ ನೀರು ಹೊಳೆಗೆ ಹರಿದಿದೆ ಎಂದ. ಮೇಲಿನ ಊರಿನವರು ಹೊಳೆಯ ಮೀನಿಗೆ ವಿಷದ ಕಾಯಿ ಅರೆದು ಹಾಕಿರಬೇಕು ಎಂದ ಮಗದೊಬ್ಬ. ಗುರಿಕಾರ ಎಲ್ಲವನ್ನೂ ಕೇಳಿಸಿಕೊಂಡ.

"ಇರಬಹುದು. ಆದರೆ ನೀರಿನ ತಲೆಯ ಮೇಲೆ ಬುಟ್ಟಿ ಇಡುವುದು ಹೇಗೆ?" ಎಂದ.

ಮನುಷ್ಯರ ಕಡೆಗೆ ಮಾತು ತಿರುಗಿತು. ಆಗ ಯಾರಿಗೋ ತೆಂಗಿನಕಾಯಿ ನೆನಪಾಯಿತು.

ಮಳೆಗಾಲ ಮುಗಿದು ದೋಣಿ ಇಳಿಸುವ ದಿನ ಪ್ರತಿ ಮನೆಯವರೂ ಸಮುದ್ರಕ್ಕೆ ಒಂದು ತೆಂಗಿನಕಾಯಿ ಕೊಡುವುದು ವಾಡಿಕೆ. ತೆರೆ ಆ ಕಾಯಿಗಳನ್ನು ಸಂಜೆಯೊಳಗೆ ತಂದು ಮರಳಿನ ಮೇಲೆ ಹಾಕುತ್ತಿತ್ತು. ಅವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮುಸ್ಸಂಜೆ ಕಳೆಯುವುದರೊಳಗೆ ಮರಳಿನ ಮೇಲೆ ಒಂದೂ ಇರುತ್ತಿರಲಿಲ್ಲ. ಮರುದಿನ ಊರಿನ ಎಲ್ಲ ಮನೆಗಳ ಸಾರೂ ದಪ್ಪಗಿರುತ್ತಿತ್ತು. ಈ ವರ್ಷ ಬಾಗಿ ತನ್ನ ಕಾಯಿಯನ್ನು ಹಗಲಿನಲ್ಲೇ ಎತ್ತಿಕೊಂಡಿದ್ದಳು. ಕೇಳಿದವರಿಗೆ, "ಸಮುದ್ರಕ್ಕೆ ಬೇಕಿದ್ದರೆ ಇಟ್ಟುಕೊಳ್ಳುತ್ತಿತ್ತು" ಎಂದಿದ್ದಳು. ಅವತ್ತು ಊರು ನಕ್ಕಿತ್ತು. ಗುರಿಕಾರನೂ ನಕ್ಕಿದ್ದ.

ಈಗ ಯಾರೂ ನಗಲಿಲ್ಲ.

"ಬಾಗಿ, ಸಮುದ್ರದ ಕಾಯಿ ತಿಂದೆಯಾ?" ಎಂದು ಗುರಿಕಾರ ಕೇಳಿದ.

"ತಿಂದೆ. ಸ್ವಲ್ಪ ಉಪ್ಪಾಗಿತ್ತು."

"ಹಾಗಾದರೆ ಮೀನು ಸತ್ತದ್ದು ಯಾಕೆ?"

"ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಎನ್ನುವುದು ಒಂದು ಉತ್ತರವೇ?"

"ನಿಮ್ಮ ಹತ್ತಿರ ಇರುವುದಕ್ಕಿಂತ ಒಳ್ಳೆಯ ಉತ್ತರ. ನೀರು ಕೆಂಪಗಿದ್ದದ್ದು ನಿಮಗೂ ಕಂಡಿದೆ. ನೀರು ಕೆಟ್ಟಿದೆ. ಯಾಕೆ ಕೆಟ್ಟಿತೋ ಸಮುದ್ರವನ್ನೇ ಕೇಳಿ."

ಗುರಿಕಾರ ದಡ್ಡನಲ್ಲ. ಅವನು ಕೇಳಿದ: "ನೀರು ಕೆಟ್ಟಿದ್ದರೆ ಅದು ಅಳಿವೆಯ ಈಚೆಗೆ ಮಾತ್ರ ಕೆಡುತ್ತದೆಯೇ? ಸಮುದ್ರಕ್ಕೆ ನಮ್ಮೂರಿನ ಗಡಿ ಗೊತ್ತೇ? ಆಚೆ ಊರಿನಲ್ಲೂ ಮೀನು ಸಾಯಬೇಕಿತ್ತು. ಅಲ್ಲಿಂದ ಒಂದು ಸುದ್ದಿಯಾದರೂ ಬಂದಿದೆಯೇ?"

ಬಂದಿರಲಿಲ್ಲ. ಸತ್ತದ್ದು ಇಲ್ಲಿ ಮಾತ್ರ. ಹಾಗಾದರೆ ಕಾರಣವೂ ಇಲ್ಲೇ ಇರಬೇಕು. ಚಪ್ಪರದಲ್ಲಿದ್ದವರೆಲ್ಲ ತಲೆದೂಗಿದರು. ಬಾಗಿಗೆ ಸಿಟ್ಟು ಬಂದದ್ದು ಗುರಿಕಾರನ ಮೇಲಲ್ಲ. ಅವನ ಮಾತಿನಲ್ಲಿ ತಪ್ಪೆಲ್ಲಿದೆ ಎಂದು ತನಗೆ ಕಾಣುತ್ತಿಲ್ಲವಲ್ಲ ಎಂದು. ಆದರೂ ಅವಳು ಒಪ್ಪಿಕೊಳ್ಳಲಿಲ್ಲ. ಉತ್ತರ ಹೊಳೆಯಲಿಲ್ಲ ಎಂಬ ಕಾರಣಕ್ಕೆ ತಾನು ಮೀನು ಕೊಂದಂತಾಗುವುದಿಲ್ಲ ಎಂಬಷ್ಟು ಅವಳಿಗೆ ಖಚಿತವಿತ್ತು.

ಮೀನು ಬರುತ್ತಲೇ ಇದ್ದವು. ದಡದಲ್ಲಿ ಮೂಗು ಬಿಡಲಾಗದಷ್ಟು ನಾತ. ಮನೆಗಳಲ್ಲಿ ಒಣಮೀನು ಮುಗಿಯುತ್ತ ಬಂತು. ಗಂಜಿ ತೆಳುವಾಯಿತು. ಬಾಗಿಯ ಅಂಗಳಕ್ಕೆ ಯಾರೂ ಕಾಲಿಡಲಿಲ್ಲ. ಮಕ್ಕಳು ದೂರದಿಂದ ಅವಳ ಮನೆಯನ್ನು ಬೆರಳು ಮಾಡಿ ತೋರಿಸುತ್ತಿದ್ದವು. ಅವಳು ಬಾವಿಗೆ ಹೋದರೆ ಉಳಿದವರು ತುಂಬದ ಕೊಡವನ್ನೇ ಎತ್ತಿಕೊಂಡು ನಡೆಯುತ್ತಿದ್ದರು. ಒಂದು ದಿನ ಗಂಡನ ತಂಗಿ ಮಾತ್ರ ಬಾವಿಯ ಹತ್ತಿರ ಉಳಿದಳು.

"ಅತ್ತಿಗೆ, ಒಂದು ಮಾತು ಹೇಳಿಬಿಟ್ಟರೆ ಮುಗಿಯುತ್ತದಲ್ಲ. ಹೌದು ಎಂದರೆ ನಾಲಗೆ ಸವೆಯುತ್ತದಾ?"

"ನಾಲಗೆ ಸವೆಯುವುದಿಲ್ಲ. ಹಗ್ಗ ಹೋಗುತ್ತದೆ."

"ಹೋದರೆ ಹೋಗಲಿ. ನಮ್ಮ ಪಾಲಿನಲ್ಲಿ ನಿನಗೂ ಇಡುತ್ತೇನೆ. ಅಣ್ಣನ ಹೆಂಡತಿಯನ್ನು ಉಪವಾಸ ಕೆಡವುತ್ತೇನಾ?"

"ಇಡುತ್ತೀಯ. ಪಾಪಿ ಬಂದಳು, ಅವಳಿಗೊಂದು ಹಿಡಿ ಹಾಕಿ ಎಂದು ನಿನ್ನ ಸೊಸೆಯಂದಿರು ಇಡುತ್ತಾರೆ. ಇರಲಿ ಮಾರಾಯ್ತಿ, ಒಂದು ಕೇಳುತ್ತೇನೆ. ದೋಣಿ ಇಳಿಸಿದ ಮರುದಿನ ನಿನ್ನ ಮನೆಯಲ್ಲಿ ಬಂಗುಡೆ ಸಾರು ಮಾಡಿದ್ದೆಯಲ್ಲ. ನನಗೂ ಒಂದು ತಟ್ಟೆ ಕಳಿಸಿದ್ದೆ. ಅದಕ್ಕೆ ಕಾಯಿ ಎಲ್ಲಿಯದು?"

ನಾದಿನಿ ಕೊಡದ ಒಳಗೆ ನೋಡಿದಳು.

"ನಾನು ಕತ್ತಲಾದ ಮೇಲೆ ಹೆಕ್ಕಿದ್ದು" ಎಂದಳು.

ಆದರೂ ನಾದಿನಿ ಮೊದಲು ಆಡಿದ ಮಾತು ಬಾಗಿಯ ಮನಸ್ಸನ್ನು ಕೊರೆಯಿತು. ಒಂದು ಮಾತು. ಅಷ್ಟಕ್ಕೆ ದೋಣಿಗಳು ನೀರಿಗಿಳಿಯುತ್ತವೆ ಎಂದು ಊರಿಗೆ ಊರೇ ನಂಬಿದೆ. ತಾನು ಹೇಳದಿರುವ ಒಂದೊಂದು ದಿನವೂ ಪಕ್ಕದ ಮನೆಯ ಗಂಜಿ ಇನ್ನಷ್ಟು ತೆಳುವಾಗುತ್ತದೆ. ಸುಳ್ಳಿನಿಂದ ಹೊಟ್ಟೆ ತುಂಬುವುದಾದರೆ ಸುಳ್ಳಿಗೆ ಏನು ಕೊರತೆ ಎಂದುಕೊಂಡಳು. ಮರುದಿನ ಬೆಳಿಗ್ಗೆ ಅವಳೇ ಬುಟ್ಟಿ ಹಿಡಿದು ದಡಕ್ಕೆ ಬಂದಳು. ಸತ್ತ ಮೀನನ್ನು ಬಾಚಿ ತುಂಬಿದಳು. ಜನ ಚಪ್ಪರದಿಂದ ಹೊರಗೆ ಬಂದರು. ಗುರಿಕಾರನ ಮುಖದಲ್ಲಿ ನೆಮ್ಮದಿ ಕಂಡಿತು. ಒಳ್ಳೆಯ ಮನುಷ್ಯ. ಅವಳನ್ನು ನೋಯಿಸಬೇಕೆಂದು ಅವನಿಗೇನೂ ಇರಲಿಲ್ಲ.

"ಬಂದೆಯಲ್ಲ ತಾಯಿ. ಹೇಳಿಬಿಡು" ಎಂದ.

ಬಾಗಿ ಬುಟ್ಟಿಯನ್ನು ಸೊಂಟದವರೆಗೆ ಎತ್ತಿದಳು. ಮೀನಿನ ಕಣ್ಣುಗಳು ಬೆಳ್ಳಗಾಗಿದ್ದವು. ಇಷ್ಟು ಮೀನನ್ನು ಒಂದು ತೆಂಗಿನಕಾಯಿ ಕೊಂದಿತು ಎಂದು ಹೇಳಲು ಅವಳು ಬಾಯಿ ತೆರೆದಳು. ಅವಳು ಬುಟ್ಟಿಯನ್ನು ಕೆಳಗಿಟ್ಟಳು.

"ಕಾಯಿ ತಿಂದದ್ದು ನಾನು" ಎಂದಳು. "ಅದಕ್ಕೆ ಬೇಕಾದರೆ ಈ ಬುಟ್ಟಿ ಹೊರುತ್ತೇನೆ, ಹಗ್ಗವನ್ನೂ ಬಿಡುತ್ತೇನೆ. ಸಮುದ್ರದ ಕಾಯಿ ತಿಂದವರೆಲ್ಲ ಒಂದೊಂದು ಬುಟ್ಟಿ ಹೊತ್ತು ನನ್ನ ಹಿಂದೆ ಬನ್ನಿ. ಮೀನು ಕೊಂದದ್ದು ಮಾತ್ರ ನಾನಲ್ಲ. ಅದನ್ನು ಹೇಳುವುದಿಲ್ಲ."

ಯಾರೂ ಬುಟ್ಟಿ ತರಲು ಹೋಗಲಿಲ್ಲ.

"ಊರಿನಲ್ಲಿ ಅಷ್ಟು ಬುಟ್ಟಿಗಳೇ ಇಲ್ಲ" ಎಂದು ಹಿಂದಿನಿಂದ ಮುದುಕನೊಬ್ಬ ಗೊಣಗಿದ. ಅವನ ಹೆಂಡತಿ ಅವನ ಪಕ್ಕೆಗೆ ತಿವಿದಳು.

ಗುರಿಕಾರನ ಮುಖ ಕೆಂಪಾಯಿತು. ಅವನ ಮನೆಯ ಕಾಯಿಯೂ ಮರಳಿನ ಮೇಲೆ ಉಳಿದಿರಲಿಲ್ಲ. "ಒಪ್ಪಿಕೋ, ಇಲ್ಲವೇ ಕಂಬ ದಾಟು" ಎಂದ. "ದಾಟಿದವರು ಮತ್ತೆ ಈ ಊರಿನವರಲ್ಲ. ಹಗ್ಗವೂ ಇಲ್ಲ, ಮನೆಯೂ ಇಲ್ಲ."

ಬುಟ್ಟಿ ಹೊತ್ತರೆ ಹಗ್ಗ ಮಾತ್ರ ಹೋಗುತ್ತಿತ್ತು. ಈಗ ಎಲ್ಲವೂ ಹೋಯಿತು. ಲೆಕ್ಕ ಬಾರದವಳು ಎಂದು ನೀನು ಹೇಳಬಹುದು.

ಬಾಗಿ ಮನೆಗೆ ಹೋಗಿ ಒಂದು ಸೀರೆ, ಒಂದು ಮಡಕೆ, ತುರಿಮಣೆ ಇಷ್ಟನ್ನು ಗಂಟು ಕಟ್ಟಿದಳು. ತುರಿಮಣೆಯ ಹಲ್ಲು ಗಂಟಿನಿಂದ ಹೊರಗೆ ಚಾಚಿತ್ತು. ಅದನ್ನು ಒಳಗೆ ತಳ್ಳುವ ಗೋಜಿಗೆ ಹೋಗದೆ, ಎಲ್ಲರಿಗೂ ಕಾಣುವ ಹಾಗೆ ತಲೆಯ ಮೇಲಿಟ್ಟುಕೊಂಡು ನಡೆದಳು. ಅವಳು ಹೋಗುವಾಗ ಜನ ಮುಖ ತಿರುಗಿಸಿ ನಿಂತರು. ನಾದಿನಿ ಒಬ್ಬಳು ತಿರುಗಿಸಲಿಲ್ಲ.

ಅಳಿವೆಯ ನಡುವೆ ಕಾಂಡ್ಲ ಗಿಡ ದಟ್ಟವಾಗಿ ಬೆಳೆದ ಒಂದು ಕುದ್ರು ಇತ್ತು. ಆ ನಡುಗಡ್ಡೆ ಅಡ್ಡವಾಗಿ ಈ ದಡದಿಂದ ಆ ದಡ ಕಾಣುತ್ತಿರಲಿಲ್ಲ. ಇಳಿತದ ಹೊತ್ತು. ಬಾಗಿ ಹರಿದ ಬಲೆಯ ಕೆಳಗೆ ಹಾದು ಮೊಣಕಾಲುದ್ದದ ನೀರಿಗೆ ಇಳಿದಳು. ಹಿಂದಿರುಗಿ ನೋಡಲಿಲ್ಲ. ಅವಳು ಕುದ್ರುವಿನ ಗಿಡಗಳ ಮರೆಗೆ ಹೋದಳು. ಊರು ಚಪ್ಪರಕ್ಕೆ ಮರಳಿತು. ಪಾಪಿ ಹೊರಟುಹೋದಳು, ಇನ್ನು ಮೀನು ಸಾಯುವುದು ನಿಲ್ಲುತ್ತದೆ ಎಂದು ಸಮುದ್ರವನ್ನು ನೋಡುತ್ತ ಕೂತಿತು.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅವಳ ಹಟದಿಂದ ಯಾರಿಗೆ ಏನು ಸಿಕ್ಕಿತು? ಒಪ್ಪಿಕೊಂಡಿದ್ದರೆ ಮನೆಯಾದರೂ ಉಳಿಯುತ್ತಿತ್ತು. ಗುರಿಕಾರನ ಪ್ರಶ್ನೆಗೆ ಅವಳ ಹತ್ತಿರ ಉತ್ತರವೂ ಇರಲಿಲ್ಲ. ನೀರೇ ಕೆಟ್ಟಿದ್ದರೆ ಆಚೆ ಊರಿನಲ್ಲೂ ಸಾಯಬೇಕಿತ್ತಲ್ಲ? ಅಷ್ಟಕ್ಕೂ ಆಚೆ ದಡದಲ್ಲಿ ಅವಳಿಗೆ ಏನು ಕಂಡಿತು?"

ಗುರು ಎದ್ದು ಶಲ್ಯ ಕೊಡವಿಕೊಂಡರು.

"ಆಚೆ ದಡದಲ್ಲೂ ಒಂದು ಕಂಬಕ್ಕೆ ಹರಿದ ಬಲೆ ಕಟ್ಟಿತ್ತು, ಆ ಊರಿನ ಪಾಪಿ ಆಗಲೇ ಒಪ್ಪಿಕೊಂಡು ಬುಟ್ಟಿ ಹೊತ್ತಾಗಿತ್ತು, ಮೀನು ಇನ್ನೂ ಸಾಯುತ್ತಲೇ ಇದ್ದವು."