ಕೊಕ್ಕೆಯ ಮೊದಲ ಸವಾರಿ

ಹಳೇ ಎಸ್‌ಯುವಿ ಕೊಳ್ಳಲು ಬಂದ ತಿಪ್ಪಮ್ಮನಿಗೆ ಬೇಕಿದ್ದದ್ದು ಒಂದೇ ಖಾತ್ರಿ. ಮದುವೆಗಳಿಗೆ ಬಾಡಿಗೆ ಕೊಡುವ ಅವಳ ಜನರೇಟರ್ ಟ್ರೈಲರನ್ನು ಅದು ಗುಡ್ಡದ ಮೇಲಿನ ಛತ್ರಕ್ಕೆ ಎಳೆಯಬೇಕು. ದಾರಿಯಲ್ಲಿ ಟ್ರೈಲರ್ ಸಿಕ್ಕಿಸುವ ಹಿಂದಿನ ಕೊಕ್ಕೆ ಕಳಚಿದರೆ ಅವಳ ಜೀವನೋಪಾಯವೇ ಕಣಿವೆಗೆ ಉರುಳುತ್ತದೆ.

"ಕೊಕ್ಕೆ ಕಂಪನಿಯದೇ ತಾನೇ?" ಎಂದು ಕೇಳಿದಳು.

ಮಾರುವವರು ಗುರುಪಾದಪ್ಪ. ಊರಿನ ಯಾವ ಸಮಾರಂಭದಲ್ಲೂ ಶಾಲು ಹೊದಿಸಿಕೊಳ್ಳದೆ ಮನೆಗೆ ಹೋದವರಲ್ಲ. "ಕಾರ್ಖಾನೆಯಿಂದಲೇ ಬಂದದ್ದು. ನನ್ನ ಮಾತನ್ನೇ ಪರೀಕ್ಷೆ ಮಾಡ್ತೀಯೇನಮ್ಮ?"

"ಅಷ್ಟು ಧೈರ್ಯ ನನಗೆಲ್ಲಿದೆ ಯಜಮಾನ್ರೇ" ಎಂದ ತಿಪ್ಪಮ್ಮ, ಟ್ರೈಲರ್ ತರಿಸಿ ಗಾಡಿಗೆ ಸಿಕ್ಕಿಸಿದಳು. ಕೊಕ್ಕೆಗೆ ಕುಂಕುಮವಿಟ್ಟು ಹೂ ಮುಡಿಸಿದಳು. ಟ್ರೈಲರ್ ಮೇಲೆ ಜನರೇಟರ್ ಪಕ್ಕದಲ್ಲಿ ಕುರ್ಚಿ ಹಾಕಿ, ಗುರುಪಾದಪ್ಪನವರನ್ನು ಕೂರಿಸಿ, ಚೀಲದಿಂದ ಶಾಲು ತೆಗೆದು ಹೊದಿಸಿದಳು. ಅವರು ಅಭ್ಯಾಸಬಲದಿಂದ ಬೀದಿಯಲ್ಲಿ ನೆರೆದವರಿಗೆಲ್ಲ ಕೈ ಮುಗಿದರು.

"ಮೆರವಣಿಗೆ ಎಲ್ಲಿಗಮ್ಮ?"

"ಗುಡ್ಡದ ಛತ್ರಕ್ಕೆ. ಕೊಕ್ಕೆ ಕಾರ್ಖಾನೆಯದಲ್ವಾ, ಮೊದಲ ಸವಾರಿ ನಿಮ್ಮದೇ ಆಗಲಿ."

ತಿಪ್ಪಮ್ಮ ಗಾಡಿ ಹತ್ತಿ ಎಂಜಿನ್ ಶುರು ಮಾಡಿದಳು. ಮೊದಲು ಶಾಲು ಕೆಳಗೆ ಬಿತ್ತು, ಹಿಂದೆಯೇ ಗುರುಪಾದಪ್ಪನವರು ಇಳಿದರು.

"ಅದು ನನ್ನ ಭಾಮೈದ ಬೆಸುಗೆ ಹಾಕಿದ್ದು ಕಣಮ್ಮ" ಎಂದರು ಮೆಲ್ಲಗೆ.

ತಿಪ್ಪಮ್ಮ ಎಂಜಿನ್ ಆರಿಸಿ, ಟ್ರೈಲರ್ ಬಿಡಿಸಿ, ಶಾಲಿನ ಧೂಳು ಕೊಡವಿ, ಮಡಚಿ ಚೀಲಕ್ಕೆ ಹಾಕಿಕೊಂಡು ತಲೆಯೆತ್ತಿ ನಡೆದಳು. ಅದೇ ಬೀದಿಯಲ್ಲಿ ಗಾಡಿ ಮಾರುವ ಯಜಮಾನರು ಇನ್ನೂ ಇಬ್ಬರಿದ್ದರು.