ಸಾಹೇಬರಿಗೆ ಓದಲಾಗದ ಪಾಠ

"ಮೇಷ್ಟ್ರನ್ನ ಮತ್ತೆ ಕರೆದರಾ? ಒಂದು ಪಾಠ ಮುಗಿಸೋಕೂ ಬಿಡಲ್ವಲ್ಲ ಇವರು!" ಬಿಸಿಯೂಟದ ಅಡುಗೆಯ ಸುಂಕಮ್ಮ ಸೌಟು ಕುಕ್ಕಿದಳು. ಊರಿನ ಶಾಲೆಗೆ ಇದ್ದದ್ದು ಒಬ್ಬರೇ ಮೇಷ್ಟ್ರು. ಅವರನ್ನೂ ಕಚೇರಿಯವರು ದಿನ ಬಿಟ್ಟು ದಿನ ಸರ್ವೆಗೋ ಸಭೆಗೋ ಎಳೆದೊಯ್ಯುತ್ತಿದ್ದರು. ಇದ್ದ ದಿನವೂ ಮೊಟ್ಟೆಯ ಲೆಕ್ಕ, ಊಟದ ಫೋಟೋ ಅಂತ ಪಾಠ ನಿಲ್ಲುತ್ತಿತ್ತು.

ಮೇಷ್ಟ್ರು ಅತ್ತ ಹೋದರು, ತಪಾಸಣೆಯ ಸಾಹೇಬರು ಇತ್ತ ಜೀಪಿನಿಂದ ಇಳಿದರು. ಸುಂಕಮ್ಮನ ಮಗಳು, ಐದನೇ ತರಗತಿಯ ಪವಿತ್ರಾಳನ್ನೇ ಎಬ್ಬಿಸಿ ಓದಿಸಿದರು. ಹುಡುಗಿ ಎರಡನೇ ಸಾಲಿಗೇ ತಡವರಿಸಿ ನಿಂತುಬಿಟ್ಟಳು.

"ಇಂಥ ದಡ್ಡರಿಗೆ ಶಾಲೆ ಯಾಕೆ? ಮುಚ್ಚಿಸ್ತೀನಿ. ಹೆದ್ದಾರಿಯಾಚೆ ಶಾಲೆಗೆ ಹೋಗಲಿ."

ಹೋದ ವರ್ಷ ಆ ಹೆದ್ದಾರಿ ಇಬ್ಬರು ಮಕ್ಕಳನ್ನು ನುಂಗಿತ್ತು. ಸುಂಕಮ್ಮ ಕೈಮುಗಿದಳು. "ಹೆಂಗೆ ಓದಬೇಕು ಅಂತ ನೀವೇ ಒಂದ್ಸಲ ತೋರಿಸಿ ಸಾಹೇಬ್ರೆ."

ಸಾಹೇಬರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

"ಸಾಹೇಬ್ರೆ, ಮೊಟ್ಟೆ ಎಣಿಸ್ಕೊಳ್ಳಿ." ಸುಂಕಮ್ಮ ಅಡ್ಡ ಬಂದಳು.

ಮತ್ತೆ ಶುರುಮಾಡಿದರು.

"ಸಾಹೇಬ್ರೆ, ಸಾರಿನ ಫೋಟೋ ಹೊಡೆದು ಕಳಿಸ್ಬೇಕು."

ಮತ್ತೆ ಶುರುಮಾಡಿದರು.

"ಸಾಹೇಬ್ರೆ, ಈಗಿಂದೀಗ್ಲೇ ಸಭೆಗೆ ಹೊರಡ್ಬೇಕಂತೆ."

ಸಾಹೇಬರು ಪುಸ್ತಕ ಬಡಿದರು. "ಏನಮ್ಮಾ! ಹೀಗೆ ಅಡ್ಡ ಬಂದರೆ ಯಾರು ತಾನೇ ಓದ್ತಾರೆ?"

"ನಮ್ಮ ಮಕ್ಕಳೂ ಅದನ್ನೇ ಕೇಳ್ತಾರೆ ಸಾಹೇಬ್ರೆ. ದಿನಾ ಅಡ್ಡ ಬರೋದು ನಿಮ್ಮ ಕಚೇರಿಯವರೇ."

ಸಾಹೇಬರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಮಕ್ಕಳು ಕಿಸಕ್ಕೆಂದರು. "ಆಯ್ತು, ಮೂರು ತಿಂಗಳು ಮೇಷ್ಟ್ರನ್ನ ಯಾರೂ ಕರೆಯಲ್ಲ. ಆಮೇಲೆ ಬಂದು ನೋಡ್ತೀನಿ" ಎಂದು ಜೀಪು ಹತ್ತಿದರು.

ಗೆದ್ದ ಹುರುಪಿನಲ್ಲಿ ಸುಂಕಮ್ಮ ಮಗಳ ತಟ್ಟೆಗೆ ಬಡಿಸಿದಳು. ಪವಿತ್ರಾ ತುತ್ತು ಎತ್ತಲಿಲ್ಲ.

"ಅವ್ವಾ, ಮೇಷ್ಟ್ರು ದಿನಾ ಇದ್ದರೂ ನಂಗೆ ಓದೋಕೆ ಬರದಿದ್ರೆ, ಆಗ ನಾನು ನಿಜವಾಗ್ಲೂ ದಡ್ಡಿನಾ?"