ಕಿವಿಗೌರಿಯೂ ಪದವಿ ಕಳೆದುಕೊಂಡ ರಾಯಭಾರಿಣಿಯೂ

ದೀಪದ ಬತ್ತಿ ಮುಂದೆ ಮಾಡಿರಮ್ಮ, ಅಕ್ಷತೆ ಕೈಯಲ್ಲಿ ಹಿಡಿಯಿರಿ. ಸೊಸೆಯರೇ, ಪಿಸುಮಾತು ಸಾಕು. ಕಿವಿಗೌರಿಯ ಕಥೆಗೆ ನಡುವೆ ಬಾಯಿ ಹಾಕಬಾರದು.

ಕುಂದಾವತಿಯೆಂಬ ಹೊಳೆದಂಡೆಯ ಪಟ್ಟಣದಲ್ಲಿ ವೀರಕೇತುವೆಂಬ ಅರಸನಿರಲು, ಅವನ ರಾಯಭಾರಿಯಾಗಿ ನಾಗಲಾಂಬೆಯೆಂಬವಳಿದ್ದಳು. ಏಳು ಆಸ್ಥಾನಗಳಲ್ಲಿ ಮಾತಾಡಿ, ಗೆದ್ದು, ರಾಜಮುದ್ರೆ ಧರಿಸಿ ಮೆರೆಯುತ್ತಿದ್ದಳು. ಆ ಊರಲ್ಲಿ ಶ್ರಾವಣದ ಮಂಗಳವಾರಗಳಂದು ಕಿವಿಗೌರಿಯ ವ್ರತ. ಬಾಯಲ್ಲೊಂದು ಇಡೀ ಅಡಿಕೆಯಿಟ್ಟು ದೀಪದ ಮುಂದೆ ಕೂತು, ಬಾಗಿಲಿಗೆ ಮೊದಲು ಬಂದವರ ಮಾತನ್ನು ಪೂರ್ತಿ ಕೇಳಿ, ಆಮೇಲೆ ಅಡಿಕೆ ತೆಗೆದು ಉಣ್ಣಬೇಕು. ನಾಗಲಾಂಬೆಯೋ, ಮಾತೇ ತನ್ನ ಕಸುಬೆಂದು ನಕ್ಕು ವ್ರತ ಬಿಟ್ಟಳು.

ಹೀಗಿರಲು ಆಚೆದಡದ ಅರಸನೊಡನೆ ಸಂಧಿ ಮಾಡಿ, ಈಚೆದಡದ ದೋಣಿಗಟ್ಟೆಯನ್ನು ಅವನ ಸೇನೆಗೆ ಬಿಟ್ಟುಕೊಟ್ಟು ಬಂದಳು. ಅಲ್ಲಿ ನಲವತ್ತು ಅಂಬಿಗರ ಮನೆಗಳಿದ್ದವು. ಅವರನ್ನು ಕೇಳಿದವರು ಯಾರು? ದೀಪಾವಳಿಯೊಳಗೆ ಜಾಗ ಖಾಲಿಮಾಡಬೇಕೆಂದು ಡಂಗುರವಾಯಿತು. ಅಂಬಿಗರ ಮುದುಕಿ ದ್ಯಾವಮ್ಮ ಬಂದು ಗೋಳಾಡಿದರೆ, ಈ ಪುಣ್ಯಾತ್ಗಿತ್ತಿ ಅರ್ಧಕ್ಕೇ ತಡೆದು, ಉತ್ತರ ಹೇಳಿ, ಕಳಿಸಿಬಿಟ್ಟಳು. ಅಂದಿನಿಂದ ಅವಳ ಕಿವಿಯಲ್ಲಿ ಜೇನುಹುಳ ಹೊಕ್ಕಂತೆ ಮೊರೆತ. ಅನ್ನ ಸೇರದು, ನಿದ್ದೆ ಹತ್ತದು.

ಇದು ವ್ರತ ಬಿಟ್ಟದ್ದರ ಫಲವೆಂದು ಅವಳ ಅತ್ತೆ ಸುಮ್ಮನಿರಲಿಲ್ಲ. "ಏಳು ರಾಜ್ಯದ ಮಾತು ಬಲ್ಲವಳೇ, ಬಾಯಲ್ಲೊಂದು ಅಡಿಕೆ ನಿಲ್ಲದೇನೇ ನಿನಗೆ?" ಎಂದು ಬೈದು, ಕಡೆಯ ಮಂಗಳವಾರ ವ್ರತಕ್ಕೆ ಕೂರಿಸಿದಳು. ಮೊದಲು ಬಂದವಳು ದ್ಯಾವಮ್ಮನೇ! ಎರಡು ಮಾತಿಗೇ ನಾಗಲಾಂಬೆ ಅಡಿಕೆ ಉಗುಳಿ ಸಂಧಿಯ ಕಾರಣ ಹೇಳತೊಡಗಿದಳು. ಮತ್ತೆ ಮೊದಲಿನಿಂದ ಆಗಬೇಕಾಯಿತು. ಮೂರು ಸಲ ಹೀಗೇ, ಅಯ್ಯೋ ಚಟವೇ! ನಾಲ್ಕನೆಯ ಸಲ ಮುದುಕಿ ಯಾವ ತಿಂಗಳು ಮರಳು ಸರಿಯುತ್ತದೆ, ಯಾವ ಸುಳಿಗೆ ಏನು ಹೆಸರು, ಅದರಲ್ಲಿ ಯಾರ ಮಗ ಹೋದ ಎಂದು ಹೇಳುತ್ತಿರಲು, ಮುಂದೇನು, ಮುಂದೇನು ಎಂದು ಇವಳ ಜೀವ ತವಕಿಸಿತು. ಇಷ್ಟು ವರ್ಷದ ರಾಯಭಾರದಲ್ಲಿ ಇಂಥ ಕುತೂಹಲ ಅವಳಿಗೆ ಹುಟ್ಟಿರಲೇ ಇಲ್ಲ. ಮಾತು ಮುಗಿದಾಗ ಮೊರೆತ ನಿಂತಿತ್ತು. ತಾನು ಮಾಡಿದ್ದೇನೆಂದು ತಿಳಿದು ಬಿಕ್ಕಿಬಿಕ್ಕಿ ಅತ್ತಳು.

ಆಸ್ಥಾನಕ್ಕೆ ಹೋಗಿ, ಸಂಧಿ ತಪ್ಪು, ತಪ್ಪು ತನ್ನದು, ಅಂಬಿಗರನ್ನು ಏಳಿಸಬಾರದು ಎಂದಳು. ಅರಸ ಸಿಟ್ಟಾಗಿ, ತುಂಬಿದ ಸಭೆಯಲ್ಲಿ ಮುದ್ರೆ ಕಿತ್ತುಕೊಂಡು ಹೊರಗಟ್ಟಿದ. ಅವಳು ನೇರ ದೋಣಿಗಟ್ಟೆಗೆ ನಡೆದು, ದ್ಯಾವಮ್ಮನ ಗುಡಿಸಲಲ್ಲೇ ಉಳಿದು, ಮನೆಮನೆಯವರನ್ನು ಒಗ್ಗೂಡಿಸಿದಳು. ದೀಪಾವಳಿಗೆ ಆಚೆದಡದಲ್ಲಿ ಸೇನೆ ಬಂದು ನಿಂತರೆ, ಈಚೆ ದೋಣಿಗಳೆಲ್ಲ ಮರಳಿನ ಮೇಲೆ! ಒಬ್ಬ ಅಂಬಿಗನೂ ಹುಟ್ಟು ಮುಟ್ಟಲಿಲ್ಲ. ಮೂರು ದಿನ ಕಾದು, ಆಚೆದಡದ ಅರಸ ತಾನೇ ಹರಿಗೋಲಿನಲ್ಲಿ ತಿರುಗಿ ತಿರುಗಿ ದಾಟಿ ಬರಲು, ನಾಗಲಾಂಬೆ ಅವನನ್ನೂ ದೀಪದ ಮುಂದೆ ಕೂರಿಸಿ, ಬಾಯಿಗೆ ಅಡಿಕೆ ಕೊಟ್ಟಳು. ದ್ಯಾವಮ್ಮ ಹೇಳಿದಳು. ಅವನು ಪೂರ್ತಿ ಕೇಳಿ, ದೋಣಿಗಟ್ಟೆ ತನಗೆ ಬೇಡವೆಂದ. ನಲವತ್ತು ಮನೆಗಳೂ ಉಳಿದವು.

ವೀರಕೇತು ನಾಚಿ, ಪದವಿ ಮರಳಿ ಕೊಡುವೆನೆಂದು ಓಲೆ ಕಳಿಸಿದನಂತೆ. "ನಾನೀಗ ನಲವತ್ತು ಮನೆಯ ರಾಯಭಾರಿ, ಬಿಡುವಿಲ್ಲ" ಎಂದು ಹೇಳಿಕಳಿಸಿದಳಂತೆ.

ನಡುವೆ ತೂಕಡಿಸಿದವರು ಇನ್ನೊಮ್ಮೆ ಕೇಳಬೇಕು. ಮಿಕ್ಕಂತೆ ಈ ಕಥೆ ಹೇಳಿದವರಿಗೂ ಕೇಳಿದವರಿಗೂ ಕಿವಿಗೌರಿ ಒಲಿಯಲಿ. ಅವರ ಮಾತನ್ನು ಅರ್ಧಕ್ಕೆ ತಡೆಯುವವರು ಇಲ್ಲದಿರಲಿ, ಅವರು ನಿಂತ ನೆಲ ಅವರ ಕಾಲಡಿಯೇ ಉಳಿಯಲಿ.